ಗೊತ್ತಿಲ್ಲದ ರೊಕ್ಕ ಜಮಾ ಆದಾಗ: ಕೌಂಟರಿನ ಈ ಕಡೆಯಿಂದ

ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳ ಬ್ಯಾಂಕ್ ಶಾಖೆಗಳಲ್ಲಿ ಭತ್ತ, ಹತ್ತಿ ಮಾರಾಟದ ದಿನ ಬಂತೆಂದರೆ ಪಾಸ್‌ಬುಕ್ ಎಂಟ್ರಿಯ ಸಾಲು ಬಾಗಿಲ ತನಕ ಬೆಳೆಯುತ್ತದೆ. ಎಂಟ್ರಿ ಹಾಕಿಸಿಕೊಂಡು ಹೊರಟವರಲ್ಲಿ ಒಬ್ಬಿಬ್ಬರು ಮೆಟ್ಟಿಲ ಹತ್ತಿರ ನಿಂತು ಪುಸ್ತಕ ನೋಡಿ ತಿರುಗಿ ಬರುತ್ತಾರೆ. "ಸರ, ಈ ರೊಕ್ಕ ಯಾರ್ ಹಾಕ್ಯಾರ ನೋಡ್ರಿ. ನಮ್ದಲ್ಲ ಇದು." ಹೀಗೆ ಕೇಳಿದಾಗ ಕೌಂಟರಿನ ಈ ಕಡೆ ಕೂತವರು ಏನೇನು ನೋಡುತ್ತೇವೆ, ಯಾವುದರ ನಂತರ ಯಾವುದನ್ನು ನೋಡುತ್ತೇವೆ, ಎಲ್ಲಿ ಕೆಲಸ ಕೆಡುತ್ತದೆ ಎಂಬುದನ್ನು ಬರೆದಿಟ್ಟರೆ ಖಾತೆದಾರರಿಗೂ ಅನುಕೂಲ, ನಮಗೂ ಅನುಕೂಲ.

ಹಣ ನಿಜವಾಗಿ ಬಂದಿದೆಯೇ ಎಂಬುದು ಮೊದಲು ಗೊತ್ತಾಗಬೇಕು. ಮೊಬೈಲಿಗೆ ಮೆಸೇಜ್ ಬಂದ ಮಾತ್ರಕ್ಕೆ ಖಾತೆಗೆ ಹಣ ಬಂದಂತಲ್ಲ. ಬ್ಯಾಂಕಿನ ಮೆಸೇಜು ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಬ್ಯಾಂಕಿನ ಹೆಸರನ್ನು ಚುಟುಕಾಗಿ ಬರೆದ ಅಕ್ಷರಗಳ ಹೆಡರಿನಿಂದ ಬರುತ್ತದೆ. ವಾಟ್ಸಾಪಿನಲ್ಲಿ ಬಂದ ಸ್ಕ್ರೀನ್‌ಶಾಟ್ ಪುರಾವೆಯೇ ಅಲ್ಲ. 2,000 ರೂಪಾಯಿ ಹಾಕಿ 20,000 ಹಾಕಿದಂತೆ ಮೆಸೇಜ್ ಕಳಿಸಿ, "ಒಂದು ಸೊನ್ನೆ ಹೆಚ್ಚಾಯ್ತು, 18,000 ವಾಪಸ್ ಹೊಡೀರಿ" ಎನ್ನುವವರಿದ್ದಾರೆ. ಏನೂ ಹಾಕದೆ ಬರೀ ಮೆಸೇಜ್ ಕಳಿಸುವವರೂ ಇದ್ದಾರೆ. ಹಾಗಾಗಿ ಪಾಸ್‌ಬುಕ್ ಎಂಟ್ರಿ, ಬ್ಯಾಂಕಿನ ಸ್ವಂತ ಆ್ಯಪ್, ಎಟಿಎಂ ಮಿನಿ ಸ್ಟೇಟ್‌ಮೆಂಟ್, ಇವುಗಳಲ್ಲಿ ಒಂದರಲ್ಲಿ ಕಣ್ಣಾರೆ ನೋಡಬೇಕು. ಬಂದ ಮೆಸೇಜಿನೊಳಗಿನ ಲಿಂಕ್ ಒತ್ತಿ ನೋಡುವುದಾಗಲಿ, ಅದರಲ್ಲೇ ಬರೆದ ನಂಬರಿಗೆ ಫೋನ್ ಹಚ್ಚುವುದಾಗಲಿ ಬೇಡ.

ಹಣ ಬಂದದ್ದು ಖರೆ ಎಂದಾದರೆ ಮೊತ್ತ ನೋಡುವುದಕ್ಕಿಂತ ಅದರ ಪಕ್ಕದ ವಿವರದ ಸಾಲನ್ನು ಓದಬೇಕು. ಜನ ಓದದೆ ಬಿಡುವುದು ಇದನ್ನೇ. ಒಂದೊಂದು ಬ್ಯಾಂಕಿನಲ್ಲಿ ಬರೆಯುವ ಬಗೆ ಸ್ವಲ್ಪ ಬೇರೆಯಾದರೂ ಹಣ ಯಾವ ದಾರಿಯಿಂದ ಬಂತು ಎಂಬುದು ಅಲ್ಲಿ ಇದ್ದೇ ಇರುತ್ತದೆ. ಯುಪಿಐ ಅಥವಾ ಐಎಂಪಿಎಸ್ ಎಂದಿದ್ದರೆ ಜೊತೆಗೆ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ. ನೆಫ್ಟ್ ಆಗಿದ್ದರೆ 16 ಅಕ್ಷರ-ಅಂಕಿಗಳ ಯುಟಿಆರ್ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ಆರ್‌ಟಿಜಿಎಸ್ ಆಗಿದ್ದರೆ 22ರದ್ದು. ಯುಟಿಆರ್‌ನ ಮೊದಲ ನಾಲ್ಕು ಅಕ್ಷರ ಸಾಮಾನ್ಯವಾಗಿ ಕಳಿಸಿದ ಬ್ಯಾಂಕಿನ ಗುರುತು: ಎಸ್‌ಬಿಐಎನ್ ಎಂದಿದ್ದರೆ ಸ್ಟೇಟ್ ಬ್ಯಾಂಕ್, ಸಿಎನ್‌ಆರ್‌ಬಿ ಎಂದಿದ್ದರೆ ಕೆನರಾ. ಯುಪಿಐನ 12 ಅಂಕಿಯಲ್ಲೂ ಒಂದು ಸುಳಿವಿದೆ. ಸಾಮಾನ್ಯವಾಗಿ ಮೊದಲನೆಯದು ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. 5289 ಎಂದು ಶುರುವಾದರೆ 2025ರ 289ನೇ ದಿನ, ಅಂದರೆ ಅಕ್ಟೋಬರ್ 16. ಯಾರೋ ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ತಾರೀಖು ಒಂದು, ಈ ಅಂಕಿ ಇನ್ನೊಂದು ಹೇಳಿದರೆ ಅನುಮಾನ ಪಡಿ.

ನಗದು ಜಮಾ ಎಂದಿದ್ದರೆ ಪತ್ತೆ ಸುಲಭ. ಯಾವ ಶಾಖೆಯಲ್ಲಿ ಕಟ್ಟಿದ್ದಾರೋ ಅಲ್ಲಿ ಜಮಾ ಚೀಟಿ ಇರುತ್ತದೆ, ಕಟ್ಟಿದವರ ಹೆಸರು, ಸಹಿ, ಬಹುತೇಕ ಮೊಬೈಲ್ ನಂಬರು ಅದರಲ್ಲಿರುತ್ತದೆ. ಖಾತೆ ಸಂಖ್ಯೆಯ ಒಂದು ಅಂಕಿ ಹಿಂದುಮುಂದಾಗಿ ಬರೆದು ಪಕ್ಕದ ಊರಿನವರ ದುಡ್ಡು ನಿಮ್ಮ ಪುಸ್ತಕದಲ್ಲಿ ಕೂತಿರುತ್ತದೆ, ಅಷ್ಟೇ.

ಬಹಳಷ್ಟು ಸಲ 'ಗೊತ್ತಿಲ್ಲದ' ಹಣ ನಮ್ಮದೇ ಆಗಿರುತ್ತದೆ, ಮರೆತಿರುತ್ತೇವೆ. ಪಿಎಂ ಕಿಸಾನ್ ಕಂತು 2,000, ವರ್ಷಕ್ಕೆ ಮೂರು. ಗೃಹಲಕ್ಷ್ಮಿ ತಿಂಗಳಿಗೆ 2,000, ಆದರೆ ತಡವಾದ ಕಂತುಗಳು ಒಂದೇ ವಾರದಲ್ಲಿ ಬಂದು ಬಿದ್ದಾಗ ಮೊತ್ತ ನೋಡಿ ಗಾಬರಿಯಾಗುತ್ತದೆ. ಬೆಳೆ ಪರಿಹಾರ ಬಂದಾಗ ರೈತರಿಗೆ ಗುರುತು ಸಿಗದಿರುವುದಕ್ಕೆ ಕಾರಣ ಅದು ದುಂಡು ಮೊತ್ತವಲ್ಲದಿರುವುದು. ವಿಪತ್ತು ನಿಧಿಯ ದರ ಹೆಕ್ಟೇರಿಗೆ: ಒಣ ಬೇಸಾಯಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಹೆಚ್ಚೆಂದರೆ 2 ಹೆಕ್ಟೇರಿಗೆ. ಎಕರೆಗೆ ಲೆಕ್ಕ ಹಾಕಿದರೆ ಒಣಭೂಮಿಗೆ ಸುಮಾರು 3,440, ನೀರಾವರಿಗೆ 6,880. ನಿಮ್ಮ ಪಹಣಿಯ ಎಕರೆ-ಗುಂಟೆಗೆ ಗುಣಿಸಿ ನೋಡಿ, ಹೊಂದಿದರೆ ಒಗಟು ಬಿಡಿಸಿದಂತೆ. ರಾಜ್ಯ ಸರ್ಕಾರ ಇದರ ಮೇಲೆ ತನ್ನ ಪಾಲು ಸೇರಿಸಿದ ವರ್ಷದಲ್ಲಿ ಲೆಕ್ಕ ಬೇರೆಯಾಗುತ್ತದೆ. ಬೆಳೆ ವಿಮೆಯ ಹಣದ್ದು ಬೇರೆಯೇ ದಾರಿ, ಅದನ್ನು 'ಸಂರಕ್ಷಣೆ' ಪೋರ್ಟಲಿನಲ್ಲಿ ನೋಡಬೇಕು. ರಾಜ್ಯದ ಯೋಜನೆಗಳ ಹಣವನ್ನೆಲ್ಲ 'ಡಿಬಿಟಿ ಕರ್ನಾಟಕ' ಆ್ಯಪಿನಲ್ಲಿ ಆಧಾರ್ ಒಟಿಪಿ ಕೊಟ್ಟು ನೋಡಬಹುದು. ಆ್ಯಪ್ ಬರದವರಿಗೆ ಗ್ರಾಮ ಒನ್ ಕೇಂದ್ರ, ರೈತ ಸಂಪರ್ಕ ಕೇಂದ್ರ ಇದ್ದೇ ಇವೆ.

ಇನ್ನುಳಿದ ಪರಿಚಿತ ಮುಖಗಳು: ಆದಾಯ ತೆರಿಗೆ ರಿಫಂಡು, ಉಳಿತಾಯ ಖಾತೆಗೆ ಮೂರು ತಿಂಗಳಿಗೊಮ್ಮೆ ಬೀಳುವ ಬಡ್ಡಿ, ರದ್ದಾದ ರೈಲು ಟಿಕೆಟ್ಟಿನ ದುಡ್ಡು, ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಕಡಿತವಾಗಿದ್ದು 5 ದಿನದೊಳಗೆ ಮರಳಿದ್ದು. ಮತ್ತೊಂದು, ಬರೀ 1 ರೂಪಾಯಿ ಜಮಾ. ಖಾತೆ ಚಾಲ್ತಿಯಲ್ಲಿದೆಯೇ, ಹೆಸರು ಹೊಂದುತ್ತದೆಯೇ ಎಂದು ನೋಡಲು ವಿಮೆ, ಷೇರು, ಸಾಲದ ಕಂಪನಿಗಳು ಹೀಗೆ ಒಂದು ರೂಪಾಯಿ ಹಾಕುತ್ತವೆ. ನೀವು ಎಲ್ಲಾದರೂ ಅರ್ಜಿ ಹಾಕಿದ್ದರೆ ಸರಿ. ಹಾಕಿಲ್ಲವೆಂದರೆ ನಿಮ್ಮ ಖಾತೆ ನಂಬರನ್ನು ಬೇರೆ ಯಾರೋ ಎಲ್ಲೋ ಕೊಟ್ಟಿದ್ದಾರೆ. 50,000 ರೂಪಾಯಿ ಬಂದು ಬಿದ್ದದ್ದಕ್ಕಿಂತ ಈ ಒಂದು ರೂಪಾಯಿಯ ಬಗ್ಗೆ ನಾವು ಹೆಚ್ಚು ಕೇಳುತ್ತೇವೆ, ಗ್ರಾಹಕರು ನಗುತ್ತಾರೆ.

ಸರ್ಕಾರದ ಹಣ, ಆದರೆ ನಮ್ಮದಲ್ಲ ಎಂಬ ಪ್ರಕರಣ ಈ ಭಾಗದಲ್ಲಿ ಸಾಕಷ್ಟು. ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ. ಆಧಾರ್ ಸಂಖ್ಯೆ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಒಂದೇ ಊರಿನಲ್ಲಿ ನಾಲ್ಕು ಮಂದಿ ಹನುಮಂತಪ್ಪ, ಆರು ಮಂದಿ ಬಸಮ್ಮ ಇದ್ದಾಗ ಒಬ್ಬರ ಆಧಾರ್ ಇನ್ನೊಬ್ಬರ ಖಾತೆಗೆ ಜೋಡಣೆಯಾಗಿಬಿಡುತ್ತದೆ. ಆಗ ಆ ಬಸಮ್ಮನವರ ಗೃಹಲಕ್ಷ್ಮಿ ಈ ಬಸಮ್ಮನವರ ಖಾತೆಗೆ ಪ್ರತಿ ಕಂತೂ ತಪ್ಪದೆ ಬರುತ್ತದೆ. ಅವರು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅಲೆಯುತ್ತಾರೆ, ಅಲ್ಲಿ 'ಹಣ ಹೋಗಿದೆ' ಎಂದೇ ತೋರಿಸುತ್ತದೆ.

ಪರೀಕ್ಷೆ ಸರಳ. ಶಾಖೆಯಲ್ಲಿ "ನನ್ನ ಖಾತೆಗೆ ಜೋಡಣೆಯಾದ ಆಧಾರಿನ ಕೊನೆಯ ನಾಲ್ಕು ಅಂಕಿ ಏನಿದೆ?" ಎಂದು ಕೇಳಿ, ನಿಮ್ಮ ಕಾರ್ಡಿಗೆ ಹೋಲಿಸಿ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಮೈ ಆಧಾರ್ ಪೋರ್ಟಲಿನ ಬ್ಯಾಂಕ್ ಸೀಡಿಂಗ್ ವಿಭಾಗದಲ್ಲಿ ನೋಡಬಹುದು, ಬೇಸಿಕ್ ಫೋನಿನಲ್ಲಾದರೆ *99*99*1# ಒತ್ತಿ. ತಪ್ಪಿದ್ದರೆ ಜೋಡಣೆ ತೆಗೆಯಲು ಒಂದು ಅರ್ಜಿ, ನಿಮ್ಮ ಆಧಾರ್ ಜೋಡಿಸಲು ಒಪ್ಪಿಗೆ ಪತ್ರ, ಬಂದ ಹಣ ಮರಳಿಸಲು ಮತ್ತೊಂದು ಪತ್ರ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮೊದಲನೆಯದಾದ ಮೇಲೆ ಉಳಿದೆರಡು ಮರೆತುಹೋಗುತ್ತವೆ, ಬೇರೆ ಬೇರೆ ಬರೆಯಿರಿ. ತೀರಿಹೋದವರ ಖಾತೆಗೆ ಪಿಂಚಣಿ ಬರುತ್ತಲೇ ಇದ್ದರೆ ನಾಡಕಚೇರಿಗೆ ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟು ನಿಲ್ಲಿಸಬೇಕು. ಎಟಿಎಂ ಕಾರ್ಡು ಮನೆಯಲ್ಲಿದೆಯೆಂದು ತೆಗೆದು ಖರ್ಚು ಮಾಡಿದರೆ ಮುಂದೆ ವಸೂಲಿ ಬರುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ ಪಿಎಂ ಕಿಸಾನ್ ಬಂದಿದ್ದರೆ ಅದನ್ನು ಮರಳಿ ಕಟ್ಟುವ ವಿಭಾಗ ಆ ಯೋಜನೆಯ ಪೋರ್ಟಲಿನಲ್ಲೇ ಇದೆ.

ಇಷ್ಟೆಲ್ಲ ಜಾಲಾಡಿದ ಮೇಲೂ ಹೊಂದದ ಹಣವೇ ನಿಜವಾದ ತಲೆನೋವು. ರಾಯಚೂರು ತಾಲೂಕಿನ ಹತ್ತಿ ಬೆಳೆಗಾರರೊಬ್ಬರ ಖಾತೆಗೆ 49,500 ರೂಪಾಯಿ ಬಂತೆಂದುಕೊಳ್ಳಿ. ಐಎಂಪಿಎಸ್, ಕಂಡು ಕೇಳದ ಹೆಸರು. ಗಂಟೆಯೊಳಗೆ ಫೋನು.

"ಅಣ್ಣಾರ, ನಮಸ್ಕಾರ್ರಿ. ದವಾಖಾನಿಗೆ ಕಟ್ಟೋ ರೊಕ್ಕ ತಪ್ಪಿ ನಿಮ್ಮ ಅಕೌಂಟಿಗೆ ಬಂದೈತ್ರಿ. ಒಂದು ನಂಬರ್ ಕಳಸ್ತೀನಿ, ಅದಕ್ಕ ಹೊಡೀರಿ, ಪುಣ್ಯ ಬರ್ತೈತಿ."

ಹೊಡೆದರೆ ಏನಾಗುತ್ತದೆ ನೋಡಿ. ಆ 49,500 ಪುಣೆಯಲ್ಲೋ ಜೈಪುರದಲ್ಲೋ ಮೋಸಹೋದ ಒಬ್ಬರದು. ಕದ್ದವನು ನೇರವಾಗಿ ತನ್ನ ಖಾತೆಗೆ ಹಾಕಿಕೊಳ್ಳದೆ ನಡುವೆ ನಿಮ್ಮ ಖಾತೆ ಇಟ್ಟ. ನೀವು ಅವನು ಹೇಳಿದ ನಂಬರಿಗೆ ಕಳಿಸಿದಿರಿ. ಅಲ್ಲಿ ಹಣ ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು. ಹಣ ಹೋದ ದಾರಿಯಲ್ಲಿ ಮೊದಲ ನಿಲ್ದಾಣ ನಿಮ್ಮ ಖಾತೆ. ಸೂಚನೆ ಬಂದ ಕೂಡಲೇ ನಿಮ್ಮ ಬ್ಯಾಂಕು 49,500ಕ್ಕೆ ಹೋಲ್ಡ್ ಹಾಕುತ್ತದೆ, ಅಂದರೆ ಅಷ್ಟು ಹಣ ತೆಗೆಯದಂತೆ ತಡೆಯುತ್ತದೆ. ಕದ್ದ ಹಣ ಆಗಲೇ ಹೊರಟುಹೋಗಿದೆ, ಈಗ ಹೋಲ್ಡ್ ಆಗಿರುವುದು ನಿಮ್ಮ ಹತ್ತಿಯ ರೊಕ್ಕ. ಮೇಲಾಗಿ, ಮುಂದಿನ ಖಾತೆಗೆ ದಾಟಿಸಿದವರು ನೀವೇ ಎಂಬುದಕ್ಕೆ ನಿಮ್ಮದೇ ಪಿನ್ ಸಾಕ್ಷಿ.

ಫೋನ್ ಮಾಡಿದವರು ಪ್ರಾಮಾಣಿಕರೇ ಆಗಿದ್ದರೂ ಲೆಕ್ಕ ಇದೇ. ನೀವು ಮರಳಿಸಿದ್ದು ಗೊತ್ತಿಲ್ಲದ ಅವರ ಬ್ಯಾಂಕು, ಅವರು ಮೊದಲೇ ಕೊಟ್ಟ ದೂರಿನ ಮೇಲೆ ಮತ್ತೊಮ್ಮೆ ಮರಳಿ ಕೇಳುತ್ತದೆ. ಹಣ ಬಂದ ದಾರಿಯಲ್ಲೇ, ಬ್ಯಾಂಕಿನ ಕೈಯಿಂದಲೇ ಹಿಂದಕ್ಕೆ ಹೋಗಬೇಕು ಎನ್ನುವುದು ಇದಕ್ಕೇ. ಫೋನಿನವರಿಗೆ ಇಷ್ಟು ಹೇಳಿದರೆ ಸಾಕು: "ತಮ್ಮಾ, ನಿನ್ನ ಬ್ಯಾಂಕಿಗೆ ಹೋಗಿ ಬರ್ದು ಕೊಡು. ಅಲ್ಲಿಂದ ನಮ್ಮ ಬ್ಯಾಂಕಿಗೆ ಕಾಗದ ಬಂತಂದ್ರ ಸಹಿ ಹಾಕ್ತೀನಿ." ನಿಜವಾದವರು ಬ್ಯಾಂಕಿಗೆ ಹೋಗುತ್ತಾರೆ. ಮೋಸದವರು ಮೊದಲು ಅಳುತ್ತಾರೆ, ಆಮೇಲೆ ಪೊಲೀಸ್ ಹೆಸರು ಹೇಳಿ ಹೆದರಿಸುತ್ತಾರೆ, ಆಮೇಲೆ ಫೋನ್ ಮಾಡುವುದು ಬಿಡುತ್ತಾರೆ.

ಒಂದು ಸಡಿಲಿಕೆ ಇರಲಿ. ದಲಾಲಿ ಅಂಗಡಿಯ ಪರಿಚಯದವರೋ ಬೀಗರೋ 500 ರೂಪಾಯಿ ತಪ್ಪಿ ಹಾಕಿದ್ದರೆ, ಎಂಟ್ರಿಯಲ್ಲಿನ ಹೆಸರೂ ಅವರದೇ ಆಗಿದ್ದರೆ, ಬಂದ ಯುಪಿಐ ವಿಳಾಸಕ್ಕೇ ತಿರುಗಿ ಹಾಕುವುದರಲ್ಲಿ ತೊಂದರೆಯಿಲ್ಲ. ಅದಕ್ಕೂ ಅರ್ಜಿ ಬರೆಸುವ ಬ್ಯಾಂಕಿನವರ ಮೇಲೆ ಜನ ಸಿಟ್ಟಾಗುವುದು ನ್ಯಾಯವೇ.

ಹಣ ತೆಗೆಯುವಾಗ ಪಿನ್ ಹಾಕುತ್ತೇವೆ, ಪಡೆಯುವಾಗ ಅಲ್ಲ. 'ಹಣ ಬಂದಿದೆ, ಒಪ್ಪಿಕೊಳ್ಳಲು ಪಿನ್ ಹಾಕಿ' ಎಂದು ಯಾರೇ ಹೇಳಿದರೂ ಅದು ನಿಮ್ಮ ಖಾತೆಯಿಂದ ತೆಗೆಯುವ ಏರ್ಪಾಡು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಯುಪಿಐ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ವ್ಯಾಪಾರಿಗಳ ಕೋರಿಕೆ ಮಾತ್ರ ಈಗಲೂ ಬರುತ್ತದೆ, ಮೋಸದವರು ಅಂಗಡಿಯ ಹೆಸರು ಹಾಕಿಕೊಂಡು ಬರಬಹುದು. ಹಳ್ಳಿಗಳಲ್ಲಿ ಇನ್ನೊಂದು ಬಗೆ: "ತಪ್ಪಿ ಬಂದ ರೊಕ್ಕ ವಾಪಸ್ ತೆಗೀಬೇಕಜ್ಜಿ, ಹೆಬ್ಬೆಟ್ಟು ಒತ್ರಿ" ಎಂದು ಮನೆ ಬಾಗಿಲಿಗೇ ಯಂತ್ರ ತರುವುದು. ಹೆಬ್ಬೆಟ್ಟಿನ ಯಂತ್ರದಲ್ಲಿ ಒಂದು ಸಲಕ್ಕೆ 10,000ದವರೆಗೆ ತೆಗೆಯಬಹುದು. 'ಸರ್ವರ್ ಇಲ್ಲ' ಎಂದು ಮೂರು ಸಲ ಒತ್ತಿಸಿದರೆ 30,000. ತಪ್ಪಾಗಿ ಬಂದ ಹಣವನ್ನು ಯಾವ ಬ್ಯಾಂಕೂ ಹೆಬ್ಬೆಟ್ಟು ಒತ್ತಿಸಿ ಮರಳಿ ಪಡೆಯುವುದಿಲ್ಲ.

ಇನ್ನು ಶಾಖೆಯ ಕೆಲಸ. ಬರುವಾಗ ಪಾಸ್‌ಬುಕ್, ಆಧಾರ್ ಪ್ರತಿ, ಖಾತೆಗೆ ಜೋಡಿಸಿದ ಮೊಬೈಲು ತನ್ನಿ. ಬಾಯಿಮಾತಿನಲ್ಲಿ ಹೇಳಿ ಹೋಗಬೇಡಿ. ಆ ದಿನ ನಿಮ್ಮ ಮಾತು ಕೇಳಿದವರು ಮುಂದಿನ ತಿಂಗಳು ಬೇರೆ ಶಾಖೆಗೆ ವರ್ಗವಾಗಿರುತ್ತಾರೆ. ಎರಡು ಪ್ರತಿ ಬರೆಯಿರಿ, ಇಷ್ಟು ಸಾಕು:

"ಶಾಖಾ ವ್ಯವಸ್ಥಾಪಕರಿಗೆ. ನನ್ನ ಉಳಿತಾಯ ಖಾತೆ ಸಂಖ್ಯೆ ........ ಇದಕ್ಕೆ ದಿನಾಂಕ ........ ರಂದು ರೂ. ........ ಜಮಾ ಆಗಿದೆ. ಉಲ್ಲೇಖ ಸಂಖ್ಯೆ ......... ಈ ಹಣ ಕಳಿಸಿದವರು ನನಗೆ ತಿಳಿದಿಲ್ಲ. ಇದು ನನಗೆ ಬರಬೇಕಾದ ಹಣವಲ್ಲ, ನಾನು ಇದನ್ನು ಬಳಸಿಲ್ಲ. ಈ ಮೊತ್ತಕ್ಕೆ ಮಾತ್ರ ಹೋಲ್ಡ್ ಹಾಕಿ, ಕಳಿಸಿದ ಬ್ಯಾಂಕನ್ನು ಸಂಪರ್ಕಿಸಿ, ಹಣ ಬಂದ ಖಾತೆಗೇ ಮರಳಿಸಲು ನನ್ನ ಒಪ್ಪಿಗೆ ಇದೆ. ಬೇರೆ ಯಾವ ಖಾತೆಗೂ ಕಳಿಸಬಾರದು. ಕ್ರಮ ಕೈಗೊಂಡ ಬಗ್ಗೆ ಲಿಖಿತವಾಗಿ ತಿಳಿಸಬೇಕು."

ಇದರಲ್ಲಿ 'ಈ ಮೊತ್ತಕ್ಕೆ ಮಾತ್ರ', 'ಬಂದ ಖಾತೆಗೇ' ಎಂಬ ಎರಡು ಮಾತು ಬಿಡಬಾರದು. ಮೊದಲನೆಯದು ಇಲ್ಲದಿದ್ದರೆ ಖಾತೆ ಪೂರ್ತಿ ಫ್ರೀಜ್ ಆಗಬಹುದು. ಎರಡನೆಯದು ಇಲ್ಲದಿದ್ದರೆ ಯಾರೋ ತಂದುಕೊಟ್ಟ ಪತ್ರದಲ್ಲಿನ ಬೇರೆ ಖಾತೆಗೆ ಹೋಗಬಹುದು. ಎರಡನೇ ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೇಟು ಹಾಕಿದರೆ ಅದೇ ಪತ್ರದ ಫೋಟೋ ತೆಗೆದು ಶಾಖೆಯ ಇಮೇಲಿಗೆ ಕಳಿಸಿ, ಬ್ಯಾಂಕಿನ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಸೀಲು ಹೊಡೆಯುವುದಕ್ಕೆ ಅರ್ಧ ನಿಮಿಷವೂ ಬೇಡ, ಆದರೂ ಅದನ್ನೇ ದೊಡ್ಡ ಉಪಕಾರವೆಂಬಂತೆ ನಡೆದುಕೊಳ್ಳುವ ಶಾಖೆಗಳಿವೆ.

ಹೋಲ್ಡ್ ಹಾಕಿಸುವುದು ಏಕೆ ಮುಖ್ಯವೆಂದರೆ, ಹಣ ಖಾತೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಬೈಕಿನ ಸಾಲದ ಕಂತು, ಸಂಘದ ಸಾಲ, ವಿಮೆಯ ಕಂತು ತಾರೀಖಿಗೆ ಸರಿಯಾಗಿ ಕಡಿತವಾಗುತ್ತವೆ. ಬಹಳ ದಿನ ಬಾಕಿಯಿದ್ದ ಶುಲ್ಕಗಳೂ ಹಣ ಬಂದ ಕೂಡಲೇ ಎಳೆದುಕೊಳ್ಳುತ್ತವೆ. ನೀವು ಒಂದು ರೂಪಾಯಿ ಮುಟ್ಟದಿದ್ದರೂ ತಿಂಗಳ ಕೊನೆಗೆ 49,500ರಲ್ಲಿ 44,000 ಉಳಿದಿರುತ್ತದೆ. ಮರಳಿಸುವ ಹೊತ್ತಿಗೆ ಆ ವ್ಯತ್ಯಾಸ ನಿಮ್ಮ ಕೈಯಿಂದ.

ಆಮೇಲೆ ಬ್ಯಾಂಕಿನ ಒಳಗೆ ನಡೆಯುವುದು ಹೀಗೆ. ಶಾಖೆಯವರು ಉಲ್ಲೇಖ ಸಂಖ್ಯೆ ಹಿಡಿದು ತಮ್ಮ ಮುಖ್ಯ ಕಚೇರಿಯ ಪಾವತಿ ವಿಭಾಗಕ್ಕೆ ಬರೆಯುತ್ತಾರೆ, ಅಲ್ಲಿಂದ ಕಳಿಸಿದ ಬ್ಯಾಂಕಿಗೆ ಹೋಗುತ್ತದೆ, ಆ ಬ್ಯಾಂಕು ತನ್ನ ಗ್ರಾಹಕರನ್ನು ಕೇಳುತ್ತದೆ. ಅವರು ಹೌದೆಂದರೆ ಮರಳಿಸುವ ಕೋರಿಕೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ತಪ್ಪು ಬ್ಯಾಂಕಿನದೇ ಆಗಿದ್ದರೆ, ಅಂದರೆ ಒಂದೇ ಚೀಟಿ ಎರಡು ಸಲ ಜಮಾ ಮಾಡಿದ್ದರೆ, ಬ್ಯಾಂಕು ತಾನೇ ತಿರುಗಿಸಿಕೊಳ್ಳುತ್ತದೆ. ತಪ್ಪು ಕಳಿಸಿದವರದಾಗಿದ್ದರೆ ನಿಮ್ಮ ಒಪ್ಪಿಗೆ ಬೇಕು. ಮೇಲಿನ ಪತ್ರದಲ್ಲೇ ಒಪ್ಪಿಗೆ ಬರೆದಿರುವುದರಿಂದ ಮತ್ತೆ ನಿಮ್ಮನ್ನು ಕರೆಸುವ ಕೆಲಸ ತಪ್ಪುತ್ತದೆ.

ಇಷ್ಟು ತಪ್ಪುಗಳು ಆಗುವುದಾದರೂ ಏಕೆ ಎಂದು ಕೇಳುವವರಿಗೆ: ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಕಳಿಸುವ ಮೊದಲೇ ಪಡೆಯುವವರ ಹೆಸರು ತೋರಿಸುವ ಸೌಲಭ್ಯ ಒದಗಿಸಲು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ 2025ರ ಏಪ್ರಿಲ್ 1ರ ಗಡುವು ಕೊಟ್ಟಿತ್ತು. ಸೌಲಭ್ಯ ಬಂದರೂ ಹೆಸರು ಓದದೆ ಒತ್ತುವವರು ಒತ್ತುತ್ತಲೇ ಇರುತ್ತಾರೆ. ನಮ್ಮ ಕಡೆ ಬ್ಯಾಂಕುಗಳ ವಿಲೀನವೂ ಗೊಂದಲ ಹೆಚ್ಚಿಸಿದೆ. ರಾಯಚೂರಿನವರ ಹಳೆಯ ಹೈದರಾಬಾದ್ ಸ್ಟೇಟ್ ಬ್ಯಾಂಕು 2017ರಲ್ಲಿ ಎಸ್‌ಬಿಐ ಆಯಿತು, ಸಿಂಡಿಕೇಟ್ 2020ರಲ್ಲಿ ಕೆನರಾ ಆಯಿತು, 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ವ್ಯಾಪಾರಿಗಳ ಮುನೀಮರ ಡೈರಿಯಲ್ಲಿ ಹಳೆಯ ಐಎಫ್‌ಎಸ್‌ಸಿ (ಶಾಖೆಯ ಗುರುತಿನ ಕೋಡ್) ಹಾಗೇ ಕೂತಿದೆ.

ಕಾನೂನಿನ ಮಾತು ಚಿಕ್ಕದು. ತಪ್ಪಿನಿಂದ ಬಂದ ಹಣವನ್ನು ಪಡೆದವರು ಮರಳಿಸಲೇಬೇಕು ಎಂದು 1872ರ ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ನಮ್ಮದಲ್ಲವೆಂದು ಗೊತ್ತಿದ್ದೂ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ: ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಜೈಲು ಮತ್ತು ದಂಡ. 'ಅವರಾಗೇ ಹಾಕ್ಯಾರ, ನಾ ಏನ್ ಕೇಳಿದ್ನೇನು' ಎಂಬ ವಾದ ಎಲ್ಲೂ ನಿಲ್ಲುವುದಿಲ್ಲ.

ಕೇಳದೇ ಬಂದ ಸಾಲದ ಹಣದ ಕಥೆ ಬೇರೆ. ಯಾವುದೋ ಸಾಲದ ಆ್ಯಪ್ ಇಳಿಸಿಕೊಂಡು, ಫೋಟೋ, ಪ್ಯಾನ್ ಕೊಟ್ಟು, ಆಮೇಲೆ ಬೇಡವೆಂದು ಬಿಟ್ಟವರ ಖಾತೆಗೆ ಮೂರು ಸಾವಿರ ಬಂದು ಬೀಳುತ್ತದೆ, ವಾರಕ್ಕೆ ಐದು ಸಾವಿರ ಕೊಡು ಎಂಬ ಫೋನ್ ಶುರುವಾಗುತ್ತದೆ. ನೋಂದಾಯಿತ ಸಂಸ್ಥೆಯಾದರೆ ಸಾಲದ ವಿವರಪತ್ರ ಕೊಟ್ಟಿರಬೇಕು, ಬೇಡವೆಂದರೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ಹೊರಬರುವ ಅವಧಿಯನ್ನೂ ಕೊಟ್ಟಿರಬೇಕು. ಇವೆರಡೂ ಇಲ್ಲವೆಂದರೆ ಅವರು ಹೇಳಿದ ಯುಪಿಐಗೆ ಕಟ್ಟಬೇಡಿ, ಮೆಸೇಜುಗಳ ಚಿತ್ರ ತೆಗೆದಿಟ್ಟು 1930ಕ್ಕೆ ಹೇಳಿ, ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲಿನಲ್ಲೂ ದೂರು ಹಾಕಿ. ಸಂಘದ ಕಡೆಯಿಂದಲೂ ಹೀಗಾಗುತ್ತದೆ: ಹೆಣ್ಣುಮಗಳ ಖಾತೆಗೆ 40,000 ಬರುತ್ತದೆ, "ಅಕ್ಕಾ, ಅದು ನನ್ನ ಸಾಲ, ನಿನ್ನ ಹೆಸರ ಮ್ಯಾಲೆ ಹಾಕೀನಿ, ತೆಗೆದು ಕೊಡು" ಎಂದು ಒಬ್ಬರು ಬರುತ್ತಾರೆ. ಕೊಟ್ಟರೆ ಸಾಲ ನಿಮ್ಮದು, ಹಣ ಅವರದು. ತೆಗೆಯಬೇಡಿ, ಸಾಲ ಕೊಟ್ಟ ಕಂಪನಿಗೆ ಬರೆದು ಕೊಡಿ. ನಿಮ್ಮ ಹೆಸರಿನಲ್ಲಿ ಇನ್ನೇನು ಸಾಲಗಳಿವೆ ಎಂದು ನೋಡಲು ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ.

ಪತ್ರ ಕೊಡುವ ಮೊದಲೇ ಖಾತೆಗೆ ಹೋಲ್ಡ್ ಬಿದ್ದಿದ್ದರೆ ದಾರಿ ಉದ್ದ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಕೊಪ್ಪಳದ ಮೊಬೈಲ್ ಅಂಗಡಿ, ಹೆದ್ದಾರಿಯ ಖಾನಾವಳಿ, ಕ್ಯೂಆರ್ ಇಟ್ಟುಕೊಂಡ ಯಾರಿಗಾದರೂ ಇದು ಆಗಬಹುದು. ಕದ್ದ ಹಣದಲ್ಲಿ ಯಾರೋ 300 ರೂಪಾಯಿ ಊಟ ಮಾಡಿ ಹೋಗಿರುತ್ತಾರೆ. ಶಾಖೆಯಿಂದ ನಾಲ್ಕು ವಿವರ ಬರೆಸಿಕೊಳ್ಳಿ: ಸೈಬರ್ ದೂರಿನ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದದ ಮೊತ್ತ ಎಷ್ಟು, ಠಾಣೆಯ ಇಮೇಲ್. ಬ್ಯಾಂಕಿನವರು 'ಮೇಲಿನಿಂದ ಬಂದೈತಿ, ನಮ್ಗೇನು ಗೊತ್ತಿಲ್ಲ' ಎಂದರೆ ಬಿಡಬೇಡಿ, ಹೋಲ್ಡ್ ಹಾಕಿದವರ ಬಳಿ ಆ ಪತ್ರ ಇದ್ದೇ ಇರುತ್ತದೆ. ವಿವಾದ 300ರದ್ದಾಗಿ ಖಾತೆ ಪೂರ್ತಿ ನಿಲ್ಲಿಸಿದ್ದರೆ ಆ ಮೊತ್ತಕ್ಕೆ ಇಳಿಸಲು ಬರೆದು ಕೊಡಿ. ಆ ಠಾಣೆಗೆ ಬಿಲ್ಲು, ಆ ದಿನದ ಸ್ಟೇಟ್‌ಮೆಂಟು, ಗುರುತಿನ ಚೀಟಿ, ಒಂದು ಪುಟದ ವಿವರಣೆ ಇಮೇಲಿನಲ್ಲೂ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿ. ಬೇರೆ ರಾಜ್ಯದ ಹೋಲ್ಡನ್ನು ನಮ್ಮ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆ ತೆಗೆಯಲಾರದು, ಆದರೆ ಅಲ್ಲಿ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆದಿದ್ದರೆ ನೀವು ಅಡಗಿ ಕೂತವರಲ್ಲ ಎಂಬುದಕ್ಕೆ ದಾಖಲೆಯಾಗುತ್ತದೆ. ಠಾಣೆಯಿಂದ ಉತ್ತರವೇ ಬರದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿಸಬೇಕು, ವಕೀಲರು ಬೇಕು. ದುಡ್ಡು ಕೊಟ್ಟರೆ ಹೋಲ್ಡ್ ತೆಗೆಸಿಕೊಡುತ್ತೇವೆ ಎಂದು ಫೋನ್ ಮಾಡುವವರು ಎರಡನೇ ಮೋಸದವರು.

ಕಾಲೇಜು ಹುಡುಗರಿಗೆ ಬರುವ ಒಂದು ಮಾತನ್ನೂ ಇಲ್ಲೇ ಹೇಳಬೇಕು. 'ನಿನ್ನ ಅಕೌಂಟಿಗೆ ರೊಕ್ಕ ಬರ್ತೈತಿ, ತೆಗೆದು ಕೊಡು, ಸಾವಿರ ಇಟ್ಕೋ.' ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಒಪ್ಪಿಸಿದವರೂ ಇದ್ದಾರೆ. ಇಂಥ ಖಾತೆಗೆ ಬ್ಯಾಂಕಿನವರು ಮ್ಯೂಲ್ ಖಾತೆ ಎನ್ನುತ್ತಾರೆ. ಇಲ್ಲಿ ಹಣ ಗೊತ್ತಿಲ್ಲದೆ ಬಂದದ್ದಲ್ಲ, ಕರೆಸಿಕೊಂಡದ್ದು. ಹಾಗಾಗಿ ಮೇಲೆ ಬರೆದ ಯಾವ ಪತ್ರವೂ ಇವರ ಉಪಯೋಗಕ್ಕೆ ಬರುವುದಿಲ್ಲ.

ಪತ್ರ ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬಳಿ ಸಿಎಂಎಸ್ ಪೋರ್ಟಲಿನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ಅಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಕೊಟ್ಟ ಪತ್ರದ ಪ್ರತಿ. ಕಳಿಸಿದವರು ಪತ್ತೆಯಾಗದೆ ಹಣ ಹೋಲ್ಡಿನಲ್ಲೇ ಉಳಿದರೆ ಅದನ್ನು ನಿಮ್ಮದೆಂದು ತಿಳಿದು ಹೋಲ್ಡ್ ತೆಗೆಸಲು ಹೋಗಬೇಡಿ. ಮೂರು ವರ್ಷದವರೆಗೆ ಹಣ ಕೇಳಿ ದಾವೆ ಹೂಡುವ ಹಕ್ಕು ಅವರಿಗಿದೆ, ತಪ್ಪು ತಡವಾಗಿ ಗೊತ್ತಾದರೆ ಆ ಮೂರು ವರ್ಷದ ಎಣಿಕೆಯೂ ತಡವಾಗಿಯೇ ಶುರುವಾಗುತ್ತದೆ. ಮೊತ್ತ 50,000 ದಾಟಿದ್ದು ತೆರಿಗೆ ರಿಟರ್ನ್ ಹಾಕುವವರಾದರೆ ಆ ಪತ್ರದ ಒಂದು ಪ್ರತಿಯನ್ನು ಆಡಿಟರಿಗೂ ಕೊಟ್ಟಿರಿ. ಸಂಬಂಧಿಕರಲ್ಲದವರಿಂದ ಅಷ್ಟು ಹಣ ಬಂದರೆ ಅದನ್ನು ಆದಾಯವೆಂದು ಕೇಳುವ ಹಕ್ಕು ಇಲಾಖೆಗಿದೆ. ಹೋಲ್ಡಿನಲ್ಲಿದ್ದ ಹಣದ ಮೇಲೆ ಬಿದ್ದ ಬಡ್ಡಿಯ ಮಾತು ಬಂದರೆ, 49,500ಕ್ಕೆ ಶೇಕಡಾ 2.5ರ ದರದಲ್ಲಿ ತಿಂಗಳಿಗೆ 103 ರೂಪಾಯಿ ಚಿಲ್ಲರೆ. ಅದನ್ನು ಯಾರೂ ಕೇಳಿದ್ದು ನಾವು ನೋಡಿಲ್ಲ.